ಬಿಚ್ಚುವುದು ಸುಲಭ, ಮಡಚುವಾಗ ಜೋಪಾನ

ಕಳೆದ ತಿಂಗಳ ಒಂದು ಭಾನುವಾರ ಅಕ್ಕನ ಮಗ ಮನೆಗೆ ಬಂದಿದ್ದ. ಮುಂದಿನ ವಾರ ಗೆಳೆಯರ ಜೊತೆ ಕುಮಾರಪರ್ವತ ಹತ್ತುವ ಸಂಭ್ರಮ. ಬ್ಯಾಗು, ಬೂಟು, ಟಾರ್ಚು ಎಲ್ಲವೂ ಆನ್‌ಲೈನಿನಲ್ಲಿ ಬಂದಿದ್ದವು, ಜೊತೆಗೊಂದು ಮಡಚುವ ಚಾಕು. ಕಪ್ಪು ಹಿಡಿ, ಬೂದು ಅಲಗು, ಅಲಗಿನ ಬುಡದಲ್ಲಿ ಹೆಬ್ಬೆರಳು ತಾಗಿಸಲು ಪುಟ್ಟದೊಂದು ಗುಬಟು. "ನೋಡಿ ಮಾವ" ಎಂದವನೇ ಹೆಬ್ಬೆರಳಿನಿಂದ ಒಮ್ಮೆ ಚಿಮ್ಮಿದ. ಟಕ್ ಅಂತ ಅಲಗು ಹೊರಗೆ ಬಂದು ನಿಂತಿತು.

"ಸರಿ, ಈಗ ಮುಚ್ಚು" ಅಂದೆ.

ಅಲ್ಲಿಗೆ ಹುಡುಗನ ಸಂಭ್ರಮ ಮುಗಿಯಿತು. ಅಲಗಿನ ಬೆನ್ನನ್ನು ಒತ್ತಿದ, ಬಗ್ಗಲಿಲ್ಲ. ಟೇಬಲ್ಲಿನ ಅಂಚಿಗೆ ಕೊಟ್ಟು ಒತ್ತಿದ, ಆಗಲೂ ಇಲ್ಲ. "ಇದನ್ನ ಮುಚ್ಚೋದು ಹೇಗೆ ಮಾವ?" ಅನ್ನುತ್ತಲೇ ಹಿಡಿಯ ಸೀಳಿನೊಳಗೆ ಇಣುಕಿ, ಅಲ್ಲಿ ಕಂಡ ತಗಡನ್ನು ಹೆಬ್ಬೆರಳಲ್ಲಿ ಪಕ್ಕಕ್ಕೆ ಸರಿಸಿ, ಇನ್ನೊಂದು ಕೈಯಿಂದ ಅಲಗನ್ನು ಜೋರಾಗಿ ತಳ್ಳಲು ಹೊರಟ. ಹೆಬ್ಬೆರಳು ಇನ್ನೂ ಸೀಳಿನಲ್ಲೇ ಇತ್ತು. ಉಳಿದ ನಾಲ್ಕು ಬೆರಳುಗಳು ಹಿಡಿಯನ್ನು ಬಳಸಿಕೊಂಡು ಅದೇ ಸೀಳಿನ ಬಾಯಿಗೆ ಅಡ್ಡಲಾಗಿ ಸಾಲುಗಟ್ಟಿ ಮಲಗಿದ್ದವು. ನಾನು "ನಿಲ್ಲಿಸೋ" ಎಂದು ಕೂಗಿದ ರಭಸಕ್ಕೆ ಅಡುಗೆಮನೆಯಿಂದ ಅಕ್ಕ ಓಡಿಬಂದಳು.

ಚಾಕು ಕೊಂಡವರೆಲ್ಲ ಮೊದಲು ಕಲಿಯುವುದು ಬಿಚ್ಚುವುದನ್ನು. ಅದರಲ್ಲಿ ಗತ್ತಿದೆ, ಸದ್ದಿದೆ, ನೋಡುವವರೂ ಇರುತ್ತಾರೆ. ಮಡಚುವುದನ್ನು ಯಾರೂ ಕಲಿಸುವುದಿಲ್ಲ. ಆದರೆ ಯೋಚಿಸಿ: ಬಿಚ್ಚುವಾಗ ಅಲಗಿನ ಬಾಯಿ ನಿಮ್ಮ ಬೆರಳುಗಳಿಂದ ದೂರ ಸರಿಯುತ್ತಿರುತ್ತದೆ. ಮಡಚುವಾಗ ಅದು ವಾಪಸು ಮನೆಗೆ ಬರುತ್ತದೆ, ಆ ಮನೆಯ ಬಾಗಿಲಲ್ಲೇ ನಿಮ್ಮ ಬೆರಳುಗಳು ಕೂತಿರುತ್ತವೆ. ಅಡುಗೆಮನೆಯ ಚಾಕಿಗೆ ಈ ತಾಪತ್ರಯವಿಲ್ಲ. ಈಳಿಗೆಮಣೆಗೂ ಇಲ್ಲ, ಅದರ ಅಲಗು ನಿಂತಲ್ಲೇ ನಿಂತಿರುತ್ತದೆ, ಓಡಾಡುವುದೆಲ್ಲ ತರಕಾರಿ ಮತ್ತು ಕೈ. ಮಡಚುವ ಚಾಕು ಮಾತ್ರ ನಡುವಿನಲ್ಲಿ ಒಂದು ಕೀಲು ಇಟ್ಟುಕೊಂಡಿದೆ. ಕೀಲು ಇರುವ ಯಾವ ವಸ್ತುವೂ ನಾವು ಬೇಡವೆಂದಾಗಲೂ ಮಡಚಿಕೊಳ್ಳಬಲ್ಲದು. ಬಾಗಿಲ ಸಂದಿಗೆ ಬೆರಳು ಕೊಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ.

ಹಾಗಾಗಿ ಮಡಚುವ ಚಾಕು ಕೈಗೆ ಬಂದಾಗ ಮೊದಲು ಕೇಳಿಕೊಳ್ಳಬೇಕಾದ್ದು ಎಷ್ಟು ಹರಿತ ಎಂದಲ್ಲ. ಬಿಚ್ಚಿದ ಅಲಗು ಯಾವುದರ ಬಲದಿಂದ ಹಾಗೆ ನಿಂತಿದೆ ಎಂದು. ಉತ್ತರ ಚಾಕಿನಿಂದ ಚಾಕಿಗೆ ಬೇರೆ.

ಅತ್ಯಂತ ಹಳೆಯ ಉತ್ತರ: ಯಾವುದರ ಬಲವೂ ಇಲ್ಲ, ನಿಮ್ಮ ಕೈಯದೇ. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಎರಡೂವರೆ ಸಾವಿರ ವರ್ಷ ಹಿಂದಿನ, ಮೂಳೆಯ ಹಿಡಿಯ ಮಡಚುವ ಚಾಕು ಸಿಕ್ಕಿದೆ. ರೋಮನ್ನರ ಕಾಲದ್ದಂತೂ ಬೆಳ್ಳಿಯ ಒಂದೇ ಹಿಡಿಯಲ್ಲಿ ಚಾಕು, ಚಮಚ, ಮುಳ್ಳುಚಮಚ ಎಲ್ಲ ಇರುವಂಥದ್ದು ಕೇಂಬ್ರಿಜ್‌ನ ಫಿಟ್ಜ್‌ವಿಲಿಯಂ ಮ್ಯೂಸಿಯಂನಲ್ಲಿದೆ. ಇಂಥ ಹಳೆಯ ಚಾಕುಗಳಲ್ಲಿ ಸ್ಪ್ರಿಂಗಿಲ್ಲ, ಲಾಕಿಲ್ಲ, ಆಣಿಯ ಬಿಗಿ ಒಂದೇ ಆಧಾರ. ಇಷ್ಟು ದೂರ ಹೋಗುವುದೂ ಬೇಡ, ನಮ್ಮೂರ ಕ್ಷೌರದಂಗಡಿಯ ಹಳೆಯ ಕತ್ತಿಯನ್ನು ನೆನಪಿಸಿಕೊಳ್ಳಿ. ಅರ್ಧ ಬ್ಲೇಡು ಸಿಕ್ಕಿಸುವ ಈಗಿನದಲ್ಲ, ಚರ್ಮದ ಪಟ್ಟಿಗೆ ಉಜ್ಜಿ ಉಜ್ಜಿ ಹದ ಮಾಡುತ್ತಿದ್ದ ಆ ಉದ್ದನೆಯದು. ಅಲಗಿನ ಬುಡದಿಂದ ಹಿಂದಕ್ಕೆ ಒಂದು ಬಾಲ ಚಾಚಿಕೊಂಡಿರುತ್ತಿತ್ತು. ಕ್ಷೌರಿಕ ಕಿರುಬೆರಳನ್ನು ಆ ಬಾಲದ ಮೇಲೆ ಇಟ್ಟೇ ಗಲ್ಲಕ್ಕೆ ಕತ್ತಿ ತಾಗಿಸುತ್ತಿದ್ದ. ಬಾಲವನ್ನು ಕಿರುಬೆರಳು ಒತ್ತಿ ಹಿಡಿದಿರುವಷ್ಟು ಹೊತ್ತು ಅಲಗು ಕದಲದು. ಶೋಕಿಗೆ ಎಂದುಕೊಂಡಿದ್ದ ಆ ಕಿರುಬೆರಳೇ ಆ ಕತ್ತಿಯ ಲಾಕು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಜಪಾನಿನ ಹ್ಯೋಗೊ ಪ್ರಾಂತ್ಯದ ಮಿಕಿ ಊರಿನ ಹಿಗೊನೊಕಾಮಿ ಚಾಕುವೂ ಇದೇ ಜಾತಿ. ಮಡಿಸಿದ ತಗಡೇ ಹಿಡಿ, ಅಲಗಿಗೆ ಒಂದು ಗಿಡ್ಡ ಬಾಲ. ಆ ಬಾಲದ ಮೇಲೆ ಹೆಬ್ಬೆರಳಿಟ್ಟು ಅಲ್ಲಿನ ಶಾಲಾಮಕ್ಕಳು ಒಂದು ಕಾಲದಲ್ಲಿ ಪೆನ್ಸಿಲ್ ಚೂಪು ಮಾಡುತ್ತಿದ್ದರು. ಹೆಬ್ಬೆರಳು ತೆಗೆದರೆ ಅಲಗಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ವಿಚಿತ್ರವೆಂದರೆ, ಇಂಥ ಚಾಕು ತನ್ನ ದೌರ್ಬಲ್ಯವನ್ನು ಮುಚ್ಚಿಡುವುದಿಲ್ಲ. ನಂಬಬೇಡ ಎಂದು ಅದೇ ಹೇಳುತ್ತಿರುತ್ತದೆ, ಆದ್ದರಿಂದ ಕೈ ಎಚ್ಚರವಾಗಿರುತ್ತದೆ.

ಮೋಸ ಮಾಡುವುದು ಅದರ ನಂತರ ಬಂದದ್ದು, ಸ್ಪ್ರಿಂಗಿನ ಚಾಕು. ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಕಮ್ಮಾರರು ಹಿಡಿಯ ಬೆನ್ನಿಗೆ ಒಂದು ಉಕ್ಕಿನ ಪಟ್ಟಿ ಕೂರಿಸುವುದನ್ನು ರೂಢಿಗೆ ತಂದರು. ಬಿಚ್ಚಿದಾಗ ಆ ಪಟ್ಟಿ ಅಲಗಿನ ಬುಡದ ಚಪ್ಪಟೆ ಮೈಯನ್ನು ಒತ್ತಿ ಹಿಡಿಯುತ್ತದೆ, ಮಡಚಿದಾಗಲೂ ಒತ್ತಿ ಹಿಡಿಯುತ್ತದೆ. ನಡುವೆ ಎಲ್ಲಿದ್ದರೂ ಈ ಕಡೆಗೋ ಆ ಕಡೆಗೋ ಎಳೆಯುತ್ತದೆ. ನಮ್ಮ ಜೇಬು, ಡ್ರಾಯರು, ಕೀ ಗೊಂಚಲುಗಳಲ್ಲಿರುವ ಸಣ್ಣ ಚಾಕುಗಳಲ್ಲಿ ಬಹುಪಾಲು ಇದೇ. ಸ್ವಿಟ್ಜರ್‌ಲೆಂಡಿನ ಕೆಂಪು ಹಿಡಿಯ ಪ್ರಸಿದ್ಧ ಚಾಕುವಿನ ಸಾಮಾನ್ಯ ಮಾದರಿಯೂ ಇದೇ. ಬಿಚ್ಚಿದಾಗ ಟಕ್ ಅನ್ನುವುದರಿಂದ ಲಾಕ್ ಆಯಿತು ಎಂದು ನಾವು ಭಾವಿಸುತ್ತೇವೆ. ಆಗಿರುವುದಿಲ್ಲ. ಅಲಗಿನ ಬೆನ್ನಿನ ಕಡೆಯಿಂದ ಸಾಕಷ್ಟು ಬಲ ಬಿದ್ದರೆ ಸ್ಪ್ರಿಂಗು ಸೋಲುತ್ತದೆ, ಚಾಕು ಮಡಚಿಕೊಳ್ಳುತ್ತದೆ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಊರ ಜಾತ್ರೆಯಲ್ಲಿ ಮೀನಿನ ಆಕಾರದ ಚಾಕು ಮಾರುತ್ತಿದ್ದರು. ಮೀನಿನ ಹೊಟ್ಟೆಯೊಳಗೆ ಅಲಗು, ಕಣ್ಣಿರುವಲ್ಲಿ ಆಣಿ. ಆರನೇ ಕ್ಲಾಸಿನ ರಜೆಯಲ್ಲಿ ಅದೊಂದನ್ನು ಕೊಂಡು, ತೆಂಗಿನ ಚಿಪ್ಪಿಗೆ ತೂತು ಕೊರೆದು ತಕ್ಕಡಿ ಮಾಡಲು ಕೂತಿದ್ದೆ. ಮೊನೆಯನ್ನು ಚಿಪ್ಪಿಗೆ ಊರಿ ತಿರುಗಿಸುತ್ತಾ ಒತ್ತಿದೆ. ಕೊಯ್ಯುವಾಗ ಬಲವೆಲ್ಲ ಅಲಗಿನ ಬಾಯಿಯ ಕಡೆಯಿಂದ ಬೀಳುತ್ತದೆ, ಅದು ಅಲಗನ್ನು ಇನ್ನಷ್ಟು ಬಿಚ್ಚಿಯೇ ಇಡುತ್ತದೆ. ಕೊರೆಯುವಾಗ, ಚುಚ್ಚುವಾಗ, ಮೀಟುವಾಗ ಬಲ ತಿರುಗಿಬೀಳುತ್ತದೆ. ಮೊನೆ ಒಂದಿಷ್ಟು ಜಾರಿತು, ಮೀನು ಬಾಯಿ ಮುಚ್ಚಿಕೊಂಡಿತು, ಒಳಗೆ ನನ್ನ ತೋರುಬೆರಳಿತ್ತು. ಅಜ್ಜಿ ಒಂದು ಹಿಡಿ ಕಾಫಿಪುಡಿ ಮೆತ್ತಿ, "ಕೈ ಮೇಲೆತ್ತಿ ಹಿಡಿಯೋ, ಇಳಿಸಬೇಡ" ಎಂದು ಗದರಿಸಿದಳು. ಆ ಚಿಕಿತ್ಸೆಯ ಅರ್ಧ ಭಾಗ ವೈದ್ಯಶಾಸ್ತ್ರಕ್ಕೆ ಒಪ್ಪಿಗೆಯಾದದ್ದು, ಇನ್ನರ್ಧ ಅಲ್ಲ. ಆ ವಿಷಯಕ್ಕೆ ಬರುತ್ತೇನೆ.

ಸ್ಪ್ರಿಂಗಿನ ಚಾಕನ್ನು ಬಿಚ್ಚುವ ಕ್ರಮ ಹೀಗೆ. ಎಡಗೈಯಲ್ಲಿ ಹಿಡಿಯನ್ನು ಎರಡು ಮಗ್ಗುಲಿನಿಂದ ಹಿಡಿಯಿರಿ, ಒಂದು ಮಗ್ಗುಲಿಗೆ ಹೆಬ್ಬೆರಳು, ಇನ್ನೊಂದಕ್ಕೆ ಉಳಿದ ಬೆರಳುಗಳ ತುದಿ. ಲಾಡು ಕಟ್ಟುವಂತೆ ಮುಷ್ಟಿಯಲ್ಲಿ ಅಮುಕಿ ಹಿಡಿಯುವುದಲ್ಲ, ದೋಸೆಯ ಅಂಚನ್ನು ಎತ್ತುವಂತೆ ಚಿವುಟಿ ಹಿಡಿಯುವುದು. ಸೀಳಿನ ಮೇಲೆ ಚರ್ಮದ ಒಂದು ಎಳೆಯೂ ಇರಬಾರದು. ಅಲಗಿನ ಬೆನ್ನಿನ ಹತ್ತಿರ ಉಗುರು ಸಿಕ್ಕಿಸಲೆಂದೇ ಒಂದು ಗೀರು ಇರುತ್ತದೆ. ಬಲಗೈ ಹೆಬ್ಬೆರಳ ಉಗುರನ್ನು ಅದರಲ್ಲಿ ಕೂರಿಸಿ ಎಳೆಯಿರಿ. ಅಲಗು ಮೂರನೇ ಒಂದು ಭಾಗ ಹೊರಬಂದೊಡನೆ ಉಗುರಿನ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಅಲಗಿನ ಬೆನ್ನನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು ಕೊನೆಯವರೆಗೂ ಒಯ್ಯಿರಿ. ಹೆಚ್ಚಿನವರು ಉಗುರಿನಿಂದಲೇ ಕೊನೆಯವರೆಗೂ ಎಳೆಯುತ್ತಾರೆ, ಉಗುರು ಜಾರಿದರೆ ಸ್ಪ್ರಿಂಗು ಅಲಗನ್ನು ವಾಪಸು ಹೊಡೆಯುತ್ತದೆ. ಉಗುರು ನೋಯುತ್ತದೆ ಎಂದು ಹಲ್ಲಿನಲ್ಲಿ ಕಚ್ಚಿ ಎಳೆಯುವವರನ್ನೂ ಬಸ್ಸಿನಲ್ಲಿ ಕಂಡಿದ್ದೇನೆ. ಅವರಿಗೆ ಹೇಳಲು ನನ್ನ ಬಳಿ ಏನೂ ಇಲ್ಲ.

ಮಡಚುವಾಗ ಎಡಗೈಯ ಹಿಡಿತ ಅದೇ, ಮಗ್ಗುಲಿನಿಂದ. ಬಲಗೈಯ ಅಂಗೈಯನ್ನೋ ಬೆರಳುಗಳನ್ನೋ ಅಲಗಿನ ಬೆನ್ನಿನ ಮೇಲೆ ಚಪ್ಪಟೆಯಾಗಿಟ್ಟು ತಳ್ಳಿ. ಕೆಲವು ಒಳ್ಳೆಯ ಸಾಂಪ್ರದಾಯಿಕ ಚಾಕುಗಳಲ್ಲಿ ಅಲಗು ಹಿಡಿಗೆ ಲಂಬವಾಗಿ ಬಂದಾಗ ಒಂದು ಕ್ಷಣ ಕಚ್ಚಿ ನಿಲ್ಲುತ್ತದೆ. ಅದು ಕೈಗಳನ್ನು ಸರಿಮಾಡಿಕೊಳ್ಳಲು ಕೊಟ್ಟ ಬಿಡುವು. ಹಲವರು ಅದನ್ನು ತುಕ್ಕು ಎಂದುಕೊಂಡು ಇನ್ನಷ್ಟು ಜೋರಾಗಿ ತಳ್ಳುತ್ತಾರೆ. ಆಮೇಲಿನ ಭಾಗ ನೀವು ಮಾಡುವುದಲ್ಲ, ಸ್ಪ್ರಿಂಗೇ ಅಲಗನ್ನು ಸೆಳೆದುಕೊಂಡು ಪಟ್ ಅಂತ ಮುಚ್ಚುತ್ತದೆ. ಬಹಳ ಅಲಗುಗಳಿರುವ ಚಾಕಾದರೆ ಒಂದು ಸಲಕ್ಕೆ ಒಂದೇ ಅಲಗು ಬಿಚ್ಚಿ. ಡಬ್ಬಿ ಕೊಯ್ಯುವ ಉಳಿ ತೆರೆಯುವಾಗ ದೊಡ್ಡ ಅಲಗು ಹೊರಗಿದ್ದರೆ ಅದು ಯಾವ ಕಡೆ ಮುಖ ಮಾಡಿದೆ ಎಂಬುದನ್ನು ಕೈ ಮರೆಯುತ್ತದೆ.

ಸ್ವಿಸ್ ಸೇನೆಯೇ ಈ ಸ್ಪ್ರಿಂಗಿನ ಚಾಕನ್ನು ಎಷ್ಟು ವರ್ಷ ನಂಬಿತ್ತು ನೋಡಿ. ಸೈನಿಕರಿಗೆ ಮೊದಲ ಚಾಕು ಕೊಟ್ಟದ್ದು 1891ರಲ್ಲಿ, ತಮಾಷೆಯೆಂದರೆ ಆ ಮೊದಲ ಕಂತು ಜರ್ಮನಿಯ ಸೋಲಿಂಗೆನ್‌ನಿಂದ ಬಂದದ್ದು. ಅದೇ ವರ್ಷ ಇಬಾಖ್ ಊರಿನ ಕಾರ್ಲ್ ಎಲ್ಸನರ್ ಆ ಕೆಲಸ ಕೈಗೆತ್ತಿಕೊಂಡ. ಅವನ ಕಾರ್ಖಾನೆಯೇ ಮುಂದೆ, ತಾಯಿ ವಿಕ್ಟೋರಿಯಾಳ ಹೆಸರು ಸೇರಿ, ವಿಕ್ಟೊರಿನಾಕ್ಸ್ ಆದದ್ದು. ಆಮೇಲೆ ಮಾದರಿಗಳು ಬದಲಾದವು, ಲಾಕ್ ಮಾತ್ರ ಬರಲಿಲ್ಲ. 2008ರ ಹೊಸ ಮಾದರಿಯಲ್ಲಿ ಒಂದೇ ಕೈಯಲ್ಲಿ ಬಿಚ್ಚಬಹುದಾದ ಅಲಗು ಬಂತು, ಅದಕ್ಕೊಂದು ಲಾಕೂ ಬಂತು. ಅಂದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಆ ಸೈನಿಕರು ಲಾಕಿಲ್ಲದ ಚಾಕಿನಲ್ಲೇ ಬ್ರೆಡ್ಡು ಕೊಯ್ದರು, ಹಗ್ಗ ಕತ್ತರಿಸಿದರು. ಲಾಕಿಲ್ಲದ ಚಾಕು ಕೆಟ್ಟದ್ದಲ್ಲ. ಲಾಕಿಲ್ಲ ಎಂಬುದು ಗೊತ್ತಿಲ್ಲದ ಕೈ ಕೆಟ್ಟದ್ದು. ನಮ್ಮ ನರ್ಸರಿಗಳಲ್ಲಿ ಮಾವು, ಸಪೋಟ ಕಸಿ ಕಟ್ಟುವವರ ಚಾಕೂ ಮಡಚುವಂಥದ್ದೇ. ಒಂದೇ ಮಗ್ಗುಲಿಗೆ ಧಾರೆ, ರೇಜರಿನಷ್ಟು ಹರಿತ. ಅವರು ಚಾಕಿನ ಮೊನೆಯಿಂದ ಏನನ್ನೂ ಮೀಟುವುದಿಲ್ಲ. ಅಲಗು ಕಡ್ಡಿಯ ಮೇಲೆ ಒಂದೇ ಎಳೆತಕ್ಕೆ ಜಾರಿ ಓರೆಯಾಗಿ ಕೊಯ್ಯುತ್ತದೆ, ಅಷ್ಟೆ.

ಇನ್ನು ಲಾಕ್ ಇರುವ ಚಾಕುಗಳು. ಇವುಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಫ್ರಾನ್ಸಿನ ಸವಾಯ್ ಬೆಟ್ಟಸೀಮೆಯ ಒಪಿನೆಲ್. ಕಮ್ಮಾರನ ಮಗನಾದ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ್ದು. ಮರದ ಹಿಡಿ, ಒಂದು ಅಲಗು, ಒಂದು ಆಣಿ, ಮುಗಿಯಿತು. ಮೊದಲ ಅರವತ್ತೈದು ವರ್ಷ ಅದಕ್ಕೂ ಲಾಕಿರಲಿಲ್ಲ. 1955ರಲ್ಲಿ ಮಾರ್ಸೆಲ್ ಒಪಿನೆಲ್ ಹಿಡಿಯ ಕುತ್ತಿಗೆಗೆ ತಿರುಗುವ ಒಂದು ಉಂಗುರ ತೊಡಿಸಿದ. ಉಂಗುರದಲ್ಲಿ ಒಂದು ಕಡೆ ಸೀಳಿದೆ. ಅದು ಹಿಡಿಯ ಸೀಳಿಗೆ ನೇರವಾಗಿ ಬಂದರೆ ಅಲಗಿಗೆ ದಾರಿ, ಸ್ವಲ್ಪ ತಿರುಗಿಸಿದರೆ ದಾರಿ ಬಂದ್. ಬಾಗಿಲಿಗೆ ಅಗುಳಿ ಹಾಕಿದ ಹಾಗೆ. 2000ದಿಂದ ಮಡಚಿದ ಮೇಲೂ ಅದೇ ಉಂಗುರ ತಿರುಗಿಸಿ ಅಲಗು ಜೇಬಿನಲ್ಲಿ ಬಿಚ್ಚಿಕೊಳ್ಳದಂತೆ ಮಾಡಬಹುದು. ಇದರಲ್ಲಿ ಲಾಕ್ ಕಣ್ಣಿಗೆ ಕಾಣುತ್ತದೆ, ಕೈಯಿಂದಲೇ ಹಾಕಬೇಕು, ಕೈಯಿಂದಲೇ ತೆಗೆಯಬೇಕು. ಲಾಕ್ ತಾನಾಗಿಯೇ ಬಿತ್ತು ಎಂದು ಭ್ರಮಿಸುವ ಪ್ರಶ್ನೆಯೇ ಇಲ್ಲ. ಒಂದು ತೊಂದರೆಯೆಂದರೆ ಮರ ತೇವಕ್ಕೆ ಉಬ್ಬುತ್ತದೆ. ಮಲೆನಾಡಿನ ಜುಲೈ ತಿಂಗಳಲ್ಲಿ ಇಂಥ ಚಾಕು ಇಟ್ಟುಕೊಂಡರೆ ಅಲಗು ಹಿಡಿಯೊಳಗೆ ಕಚ್ಚಿಕೊಂಡು ಕೂತುಬಿಡುತ್ತದೆ. ಅದಕ್ಕೆ ಸವಾಯ್‌ನವರದೇ ಉಪಾಯವಿದೆ. ಹಿಡಿಯ ಹಿಂಬದಿಯ ತುದಿಯನ್ನು ಮೇಜಿಗೋ ಕಲ್ಲಿಗೋ ಒಮ್ಮೆ ಕುಟ್ಟಿದರೆ ಅಲಗಿನ ಮೊನೆ ಸ್ವಲ್ಪ ಎದ್ದುಬರುತ್ತದೆ. ಇಕ್ಕಳ ತಂದು ಎಳೆಯಬೇಕಿಲ್ಲ.

ಹಿಡಿಯ ಬೆನ್ನಿನಲ್ಲಿ ಒತ್ತುವ ಲಾಕ್ ಇನ್ನೊಂದು ಬಗೆ. ಅಮೆರಿಕದ ಬಕ್ ಕಂಪನಿ 1964ರಲ್ಲಿ ತಂದ 110 ಎಂಬ ದಪ್ಪನೆಯ ಚಾಕು ಅದನ್ನು ಜಗತ್ತಿನ ಮನೆಮಾತು ಮಾಡಿತು. ಬೆನ್ನಿನ ಪಟ್ಟಿಯ ಕೊಕ್ಕೆ ಅಲಗಿನ ಬುಡದ ಕಚ್ಚಿನೊಳಗೆ ಬೀಳುತ್ತದೆ. ಮಡಚಬೇಕಾದರೆ ಹಿಡಿಯ ಬೆನ್ನಿನ ತಗ್ಗನ್ನು ಹೆಬ್ಬೆರಳಿನಿಂದ ಒತ್ತಿ, ಇನ್ನೊಂದು ಕೈಯಿಂದ ಅಲಗಿನ ಬೆನ್ನು ಹಿಡಿದು ಇಳಿಸಬೇಕು. ಒತ್ತುವ ಕೈ ಬಲ ಹಾಕುವಾಗ ಉಳಿದ ಬೆರಳುಗಳು ತಮಗರಿವಿಲ್ಲದೆ ಮುಷ್ಟಿ ಕಟ್ಟುತ್ತವೆ, ನೇರ ಸೀಳಿನ ಮೇಲೆ. ಈ ಬಗೆಯ ಚಾಕಿನಲ್ಲಿ ಕಾಯ್ದುಕೊಳ್ಳಬೇಕಾದ್ದು ಇಷ್ಟೇ.

ನಮ್ಮ ಹುಡುಗನದು ಮೂರನೆಯ ಬಗೆ. ಹಿಡಿಯೊಳಗೆ ಅಸ್ತರಿಯಂತೆ ಇರುವ ಉಕ್ಕಿನ ತಗಡೇ ಸ್ಪ್ರಿಂಗಾಗಿ, ಅಲಗು ಪೂರ್ತಿ ಬಿಚ್ಚಿಕೊಂಡಾಗ ಪಕ್ಕಕ್ಕೆ ಜಿಗಿದು ಅಲಗಿನ ಬುಡಕ್ಕೆ ಒತ್ತು ಕೊಡುತ್ತದೆ. ಅಮೆರಿಕದಲ್ಲಿ 1906ರಷ್ಟು ಹಿಂದೆಯೇ ಇದಕ್ಕೆ ಪೇಟೆಂಟ್ ಇತ್ತು, ಎಲೆಕ್ಟ್ರಿಷಿಯನ್ನರ ಚಾಕುಗಳಲ್ಲಿ ಬಹುಕಾಲ ಇತ್ತು. 1980ರ ದಶಕದಲ್ಲಿ ಇಂದಿನ ರೂಪಕ್ಕೆ ತಂದವನು ಮೈಕೆಲ್ ವಾಕರ್ ಎಂಬ ಚಾಕು ತಯಾರಕ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಚಾಕುಗಳಲ್ಲಿ ಹೆಚ್ಚಿನವು ಇದೇ, ಏಕೆಂದರೆ ಮಾಡುವುದು ಸುಲಭ. ಕೆಟ್ಟದಾಗಿ ಮಾಡುವುದು ಇನ್ನೂ ಸುಲಭ.

ಸೋಫಾದ ಮೇಲೆ ಕೂರಿಸಿ ಅವನಿಗೆ ತೋರಿಸಿದೆ. "ಮೊದಲು ಹಿಡಿಯನ್ನ ಮಗ್ಗುಲಲ್ಲಿ ಹಿಡಿ. ನಾಲ್ಕು ಬೆರಳೂ ಸೀಳಿನಿಂದ ಆಚೆ. ಈಗ ಹೆಬ್ಬೆರಳಲ್ಲಿ ತಗಡು ಸರಿಸು. ಎಡಗೈಯಿಂದ ಅಲಗಿನ ಬೆನ್ನು ಹಿಡಿದು ಸ್ವಲ್ಪ ಇಳಿಸು, ಸ್ವಲ್ಪವೇ. ತಗಡಿನ ಹಿಡಿತ ತಪ್ಪಿತಾ? ನಿಲ್ಲು. ಈಗ ಹೆಬ್ಬೆರಳು ಆಚೆ ತೆಗಿ. ತೆಗೆದೆಯಾ? ಈಗ ಮುಚ್ಚು." ಹುಡುಗನಿಗೆ ಬೇಸರ ಬಂತು. "ವಿಡಿಯೋದಲ್ಲಿ ಒಂದೇ ಕೈಯಲ್ಲಿ ಮುಚ್ತಾರೆ ಮಾವ" ಅಂದ. ಮುಚ್ಚುತ್ತಾರೆ, ನಿಜ. ಅಂಥ ಚಾಕುಗಳಲ್ಲಿ ಹೆಬ್ಬೆರಳಿಗೆ ಮೊದಲು ತಾಗುವುದು ಸಾಮಾನ್ಯವಾಗಿ ಅಲಗಿನ ಬುಡದ ಧಾರೆಯಿಲ್ಲದ ಭಾಗ, ಅದನ್ನು ನಂಬಿಯೇ ಅವರು ಹಾಗೆ ಮಾಡುವುದು. ಆ ಧಾರೆಯಿಲ್ಲದ ಭಾಗ ಎಷ್ಟು ಉದ್ದ ಎಂಬುದು ಚಾಕಿನಿಂದ ಚಾಕಿಗೆ ಬೇರೆ, ಅವನದರಲ್ಲಿ ಅದು ಎಳ್ಳಿನಷ್ಟಿತ್ತು. ಮಧ್ಯದ ಆ ನಿಲುಗಡೆಯನ್ನು ಇಪ್ಪತ್ತು ಸಲ ಮಾಡಿಸಿದೆ. ಎಡಗೈಯವರಿಗೆ ಇನ್ನೊಂದು ಕಷ್ಟ. ಈ ತಗಡುಗಳನ್ನು ಬಲಗೈ ಹೆಬ್ಬೆರಳು ತಳ್ಳುವ ಲೆಕ್ಕದಲ್ಲೇ ಕೂರಿಸಿರುತ್ತಾರೆ. ಎಡಗೈಯವರು ಅವುಗಳ ಜೊತೆ ಹೆಣಗುವುದಕ್ಕಿಂತ ಉಂಗುರದ ಲಾಕೋ ಬೆನ್ನಿನ ಲಾಕೋ ಇರುವುದನ್ನು ಕೊಳ್ಳುವುದು ವಾಸಿ.

ನಮ್ಮ ದೇಶದ್ದೇ ಮಡಚುವ ಚಾಕು ಎಂದರೆ ರಾಂಪುರಿ. ಉತ್ತರ ಪ್ರದೇಶದ ರಾಂಪುರದ ಕುಶಲಕರ್ಮಿಗಳ ಕೈಕೆಲಸ, ಸಿನಿಮಾದ ವಿಲನ್ನುಗಳ ಜೇಬು ಸೇರಿ ಹೆಸರು ಕೆಡಿಸಿಕೊಂಡಿತು. 1990ರ ದಶಕದಲ್ಲಿ ಅಲ್ಲಿನ ಸರ್ಕಾರ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗು ಮಾಡಬಾರದೆಂದು ನಿಷೇಧಿಸಿದ ಮೇಲೆ ಆ ಕಸುಬು ಸೊರಗಿತು. 2023ರಲ್ಲಿ ಅದೇ ಊರಿನ ವೃತ್ತದಲ್ಲಿ 20 ಅಡಿಯ ಚಾಕುವಿನ ಪ್ರತಿಮೆ ನಿಲ್ಲಿಸಿದರು. 1965ರ 'ವಕ್ತ್' ಸಿನಿಮಾದಲ್ಲಿ ರಾಜ್‌ಕುಮಾರ್ (ನಮ್ಮ ಅಣ್ಣಾವ್ರಲ್ಲ, ಹಿಂದಿಯವರು) ಚಾಕು ಮಕ್ಕಳು ಆಡುವ ಸಾಮಾನಲ್ಲ ಎಂದು ಎದುರಾಳಿಗೆ ಹೇಳುವ ಮಾತಿಗೆ ಚಿತ್ರಮಂದಿರಗಳಲ್ಲಿ ಶಿಳ್ಳೆ ಬೀಳುತ್ತಿತ್ತು. ಗಮನಿಸಿ ಕೇಳಿದರೆ ಅದು ಬೆದರಿಕೆಗಿಂತ ಹೆಚ್ಚಾಗಿ ಒಳ್ಳೆಯ ಸುರಕ್ಷತಾ ಸಲಹೆ.

ಕಾನೂನಿನ ಮಾತು ಬಂದದ್ದರಿಂದ ಒಂದು ವಿಚಿತ್ರ ಹೇಳಬೇಕು. ಇಂಗ್ಲೆಂಡಿನಲ್ಲಿ 1988ರ ಕಾಯ್ದೆಯ ಪ್ರಕಾರ ಕಾರಣ ಹೇಳದೆ ಜೇಬಿನಲ್ಲಿಟ್ಟುಕೊಂಡು ತಿರುಗಬಹುದಾದ್ದು 3 ಇಂಚು ಮೀರದ ಮಡಚುವ ಚಾಕು ಮಾತ್ರ. ಲಾಕ್ ಬೀಳುವ ಚಾಕು ಮಡಚುವ ಚಾಕೇ ಅಲ್ಲ ಎಂದು ಅಲ್ಲಿನ ನ್ಯಾಯಾಲಯಗಳು ತೀರ್ಮಾನಿಸಿವೆ. ಬೆರಳಿಗೆ ಕ್ಷೇಮವಾದದ್ದು ಕಾನೂನಿಗೆ ಆಗದು, ಕಾನೂನಿಗೆ ಆಗುವುದು ಬೆರಳಿಗೆ ಅಷ್ಟು ಕ್ಷೇಮವಲ್ಲ. ಓದಲೋ ಕೆಲಸಕ್ಕೋ ಅಲ್ಲಿಗೆ ಹೋಗುವ ನಮ್ಮ ಮಕ್ಕಳ ಪೆಟ್ಟಿಗೆಗೆ ಚಾಕು ಹಾಕಿಕೊಡುವವರು ಇದನ್ನು ತಿಳಿದಿರಲಿ. ನಮ್ಮಲ್ಲಿ ಶಸ್ತ್ರಾಸ್ತ್ರ ನಿಯಮಗಳು ಹಿಡಿಯುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ, ಮನೆಗೆಲಸಕ್ಕೋ ಬೇಸಾಯಕ್ಕೋ ಅಲ್ಲದ ಅಲಗುಗಳನ್ನು. ಗುಂಡಿ ಒತ್ತಿದರೆ ಚಿಮ್ಮುವ ಬಟನ್ ಚಾಕಿಗೆ ದೆಹಲಿಯಂಥ ಕಡೆ ಇನ್ನೂ ಬಿಗಿ. ವಿಮಾನದಲ್ಲಂತೂ ಎಷ್ಟು ಪುಟ್ಟದಾದರೂ ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಲಗೇಜಿಗೆ ಹಾಕಬೇಕು. ಹದಿನೈದು ವರ್ಷ ಜೊತೆಗಿದ್ದ ನನ್ನ ಕೆಂಪು ಚಾಕು ಒಂದು ವಿಮಾನನಿಲ್ದಾಣದ ಪ್ಲಾಸ್ಟಿಕ್ ಡಬ್ಬದಲ್ಲಿ ಕೊನೆಗಂಡದ್ದು ಹಾಗೆಯೇ. ತಪ್ಪು ನನ್ನದೇ.

ಈಗ ಅಜ್ಜಿಯ ಕಾಫಿಪುಡಿಗೆ ಬರುತ್ತೇನೆ. ಮಡಚಿಕೊಂಡ ಚಾಕು ಕೊಯ್ಯುವುದು ಬೆರಳಿನ ಅಂಗೈ ಕಡೆಯ ಮೈಯನ್ನು, ಅದೂ ಅಡ್ಡಲಾಗಿ. ತರಕಾರಿ ಹೆಚ್ಚುವಾಗ ತುದಿಗೆ ತಾಗುವ ಗಾಯ ಬೇರೆ, ಇದು ಬೇರೆ. ಹೆಬ್ಬೆರಳು ಬಿಟ್ಟು ಪ್ರತಿ ಬೆರಳಿನಲ್ಲೂ ಅದನ್ನು ಮಡಚುವ ಎರಡು ಸ್ನಾಯುರಜ್ಜುಗಳು ಇದೇ ಮಗ್ಗುಲಲ್ಲಿ ಓಡುತ್ತವೆ, ಅವುಗಳ ಎರಡೂ ಪಕ್ಕದಲ್ಲಿ ಸಂವೇದನೆಯ ನರಗಳು. ಅಂಗೈಯ ಮೇಲ್ಗೆರೆಯಿಂದ ಬೆರಳಿನ ನಡುಗೆಣ್ಣಿನ ಆಚೆಯವರೆಗೆ ಆ ಎರಡು ರಜ್ಜುಗಳೂ ಒಂದೇ ಕಿರಿದಾದ ಕೊಳವೆಯಲ್ಲಿ ಒತ್ತಿಕೊಂಡು ಸಾಗುತ್ತವೆ. ಹಿಂದೆಲ್ಲ ಅಲ್ಲಿ ಕತ್ತರಿಸಿದ್ದನ್ನು ಹೊಲಿದರೆ ಗಾಯ ಮಾಯುವಾಗ ರಜ್ಜು ಕೊಳವೆಗೆ ಅಂಟಿಕೊಂಡು ಬೆರಳು ಸೆಟೆದುಕೊಳ್ಳುತ್ತಿತ್ತು. ಅಮೆರಿಕದ ಕೈ ಶಸ್ತ್ರಚಿಕಿತ್ಸಾ ತಜ್ಞ ಸ್ಟರ್ಲಿಂಗ್ ಬನೆಲ್ ಆ ಭಾಗವನ್ನು 'ನೋ ಮ್ಯಾನ್ಸ್ ಲ್ಯಾಂಡ್' ಎಂದು ಕರೆದದ್ದು ಅದಕ್ಕೇ, ಯಾರೂ ಕಾಲಿಡಬಾರದ ನೆಲ. ಈಗ ಹೊಲಿಯುತ್ತಾರೆ, ಚೆನ್ನಾಗಿಯೇ ಹೊಲಿಯುತ್ತಾರೆ, ಆದರೆ ತಡಮಾಡದೆ ತಜ್ಞರ ಬಳಿ ಹೋದರೆ.

ಆದ್ದರಿಂದ ಕೊಯ್ದುಕೊಂಡರೆ ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ, ಕೈ ಎದೆಗಿಂತ ಮೇಲಿರಲಿ. ನಡುನಡುವೆ ಬಟ್ಟೆ ಎತ್ತಿ ನಿಂತಿತಾ ಎಂದು ಇಣುಕಬೇಡಿ. ಕಾಫಿಪುಡಿ, ಅರಿಶಿನ, ಸುಣ್ಣ ಬೇಡ. ರಕ್ತ ನಿಂತ ಹಾಗೆ ಕಂಡರೂ ಆಸ್ಪತ್ರೆಯಲ್ಲಿ ಅದನ್ನೆಲ್ಲ ಕೆರೆದು ತೊಳೆಯಬೇಕಾಗುತ್ತದೆ. ರಕ್ತ ನಿಂತ ಮೇಲೆ ಬೆರಳ ತುದಿಯನ್ನು ಮೆಲ್ಲಗೆ ಮಡಚಿ ನೋಡಿ, ಎರಡೂ ಪಕ್ಕ ಮುಟ್ಟಿ ನೋಡಿ. ತುದಿ ಮಡಚದಿದ್ದರೆ ಅಥವಾ ಒಂದು ಪಕ್ಕ ಜೋಮು ಹಿಡಿದಂತಿದ್ದರೆ ಗಾಯ ಎಷ್ಟೇ ಸಣ್ಣದಾಗಿ ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ. ನನ್ನ ತೋರುಬೆರಳಿನ ತುದಿಯ ಎಡಪಕ್ಕಕ್ಕೆ ಇಂದಿಗೂ ಬಿಸಿ ಲೋಟ ಅಷ್ಟಾಗಿ ತಿಳಿಯುವುದಿಲ್ಲ.

ಉಳಿದದ್ದು ಸಣ್ಣಪುಟ್ಟ ಮಾತು. ಕೈಜಾರಿ ಬೀಳುವ ಚಾಕನ್ನು ಹಿಡಿಯಲು ಹೋಗಬೇಡಿ, ಕಾಲು ಹಿಂದಕ್ಕೆ ಎಳೆದುಕೊಂಡು ಬೀಳಲು ಬಿಡಿ. ಮಡಚುವ ಚಾಕನ್ನು ಇನ್ನೊಬ್ಬರಿಗೆ ಮಡಚಿಯೇ ಕೊಡಿ. ಚಾಕು, ಕತ್ತರಿ ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ, ಕೆಳಗಿಟ್ಟು ಕೊಡಬೇಕು ಎಂದು ನಮ್ಮ ಮನೆಗಳಲ್ಲಿ ಹೇಳುತ್ತಿದ್ದರು. ಜಗಳದ ವಿಷಯ ಹೇಗೋ, ಕೆಳಗಿಡುವುದಂತೂ ಸರಿ. ಅಮೆರಿಕದ ಸ್ಕೌಟ್ ದಳಗಳಲ್ಲಿ ಹುಡುಗರು ಚಾಕಿನ ನಿಯಮಗಳನ್ನು ಕಲಿತು ಒಪ್ಪಿಸಿದರೆ ಮಾತ್ರ ಚಾಕು ಒಯ್ಯಲು ಒಂದು ಕಾರ್ಡು ಕೊಡುತ್ತಾರೆ. ಬಿಚ್ಚುವ ಮೊದಲು ತೋಳು ಚಾಚಿ ಒಂದು ಸುತ್ತು ತಿರುಗಿ, ಆ ವೃತ್ತದೊಳಗೆ ಯಾರೂ ಇಲ್ಲವೆಂದು ನೋಡಿಕೊಳ್ಳುವುದು ಅವರ ಮೊದಲ ಪಾಠ. ಕುಮಾರಪರ್ವತದ ಟೆಂಟಿನೊಳಗೆ ಆರು ಜನ ಒತ್ತಿಕೊಂಡು ಕೂತು ಸೌತೆಕಾಯಿ ಹೆಚ್ಚುವ ಹುಡುಗರಿಗೆ ಇದನ್ನು ಹೇಳುವವರು ಯಾರು?

ಮಾವಿನ ಸೊನೆ, ಬಾಳೆಕಾಯಿ ಅಂಟು, ಹಲಸಿನ ಮೇಣ ಇವೆಲ್ಲ ಆಣಿಯೊಳಗೆ ಇಳಿದು ಚಾಕನ್ನು ಬಿಗಿ ಮಾಡುತ್ತವೆ. ಬಿಗಿಯಾದ ಚಾಕಿಗೆ ಹೆಚ್ಚು ಬಲ ಹಾಕುತ್ತೇವೆ, ಹೆಚ್ಚು ಬಲ ಹಾಕಿದಾಗಲೇ ಕೈ ಜಾರುವುದು. ಮರದ ಹಿಡಿಯಲ್ಲದ ಚಾಕಾದರೆ ಬೆಚ್ಚನೆಯ ನೀರಿನಲ್ಲಿ ಮುಳುಗಿಸಿ ನಾಲ್ಕಾರು ಸಲ ಬಿಚ್ಚಿ ಮಡಚಿ, ಚೆನ್ನಾಗಿ ಒಣಗಿಸಿ, ಆಣಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಮರದ ಹಿಡಿಯದನ್ನು ನೀರಿನಲ್ಲಿ ಮುಳುಗಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕೊಬ್ಬರಿ ಎಣ್ಣೆ ಅಲಗಿಗೆ ಸವರಲು ಸರಿ, ಹಲಸು ಕೊಯ್ಯುವ ಮೊದಲು ಸವರಲೇಬೇಕು. ಆಣಿಯೊಳಗೆ ಮಾತ್ರ ಅದು ಕಾಲಕ್ರಮೇಣ ತಾನೇ ಅಂಟಾಗುತ್ತದೆ.

ಹುಡುಗ ಟ್ರೆಕ್ಕಿಗೆ ಹೊರಡುವ ಹಿಂದಿನ ದಿನ ಅವನ ಚಾಕನ್ನು ಇನ್ನೊಮ್ಮೆ ಪರೀಕ್ಷೆ ಮಾಡಿದೆವು. ಬಿಚ್ಚಿ, ಲಾಕ್ ಬೀಳಿಸಿ, ಹಿಡಿಯನ್ನು ಮಗ್ಗುಲಿನಿಂದ ಹಿಡಿದು, ಅಲಗಿನ ಬೆನ್ನನ್ನು ಒಂದು ಮರದ ಹಲಗೆಗೆ ತಾಗಿಸಿ ಮೆಲ್ಲಗೆ ಒತ್ತಿದ. ಮೊದಲ ಎರಡು ಸಲ ನಿಂತಿತು. ಮೂರನೆಯ ಸಲ ತಗಡು ಜಾರಿ ಅಲಗು ಮಡಚಿಕೊಂಡಿತು. ಸೀಳಿನಲ್ಲಿ ಬೆರಳಿರಲಿಲ್ಲ. ಅಷ್ಟು ದುಡ್ಡು ಕೊಟ್ಟು ತರಿಸಿದ್ದು ಎಂದು ಅವನು ಮುಖ ಸಣ್ಣ ಮಾಡಿದ. ಚಾಕನ್ನು ನಾನೇ ಇಟ್ಟುಕೊಂಡು, ಅವನ ಬ್ಯಾಗಿಗೆ ನನ್ನ ಉಂಗುರದ ಚಾಕು ಹಾಕಿಕೊಟ್ಟೆ.

ನಿಮ್ಮ ಮನೆಯ ಡ್ರಾಯರಿನಲ್ಲೂ ಒಂದು ಇರಬಹುದು. ಮಕ್ಕಳು ಎದುರಿಗಿಲ್ಲದ ಹೊತ್ತು ನೋಡಿ, ಬೆರಳುಗಳನ್ನು ಸೀಳಿನಿಂದ ಆಚೆ ಇಟ್ಟು, ಇದೇ ರೀತಿ ಹಲಗೆಗೆ ಒತ್ತಿ ನೋಡಿ. ಲಾಕ್ ಇರುವ ಚಾಕು ಮಡಚಿಕೊಂಡರೆ ಅದನ್ನು ಯಾರಿಗೂ ಕೊಡಬೇಡಿ, ಕೆಲಸಕ್ಕೂ ಬಳಸಬೇಡಿ. ಅಲಗಿಗೆ ದಪ್ಪ ರಟ್ಟು ಸುತ್ತಿ ಟೇಪು ಹಾಕಿ, ಕಸ ಒಯ್ಯುವವರ ಕೈಗೆ 'ಇದು ಚಾಕು' ಎಂದು ಹೇಳಿಯೇ ಕೊಡಿ.